ನಾಡಿನ ಹೆಸರು ಹೊತ್ತ ದನಿ

ನಿವೃತ್ತಿಯ ನಂತರ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ತಂದೆತಾಯಂದಿರ ಪಾಡು ಓದುಗರಲ್ಲಿ ಅನೇಕರಿಗೆ ತಿಳಿದದ್ದೇ. ಹಗಲೆಲ್ಲ ಮನೆ ಖಾಲಿ, ಹೊರಗೆ ಹಿಮ, ಮಾತನಾಡಿಸಲು ಯಾರೂ ಇಲ್ಲ. ಶಿಕಾಗೋ ನಗರದ ಹೊರವಲಯದಲ್ಲಿ ಅಂಥದೊಂದು ಚಳಿಗಾಲ ಕಳೆದ ನನಗೆ ಆಸರೆಯಾದದ್ದು ಮಗಳ ಅಡುಗೆಮನೆಯ ಕಿಟಕಿಯಲ್ಲಿದ್ದ ರೇಡಿಯೊ. ವಾರಕ್ಕೊಮ್ಮೆ, ಶನಿವಾರ ಸಂಜೆ, ಅದರಲ್ಲಿ ಎರಡು ಗಂಟೆಗಳ ಕಾಲ ಬ್ಲೂಸ್ ಎಂಬ ಸಂಗೀತ ಬಿತ್ತರವಾಗುತ್ತಿತ್ತು. ಮೊದಲ ವಾರ ಕುತೂಹಲಕ್ಕೆ ಕೇಳಿದೆ. ಎರಡನೆಯ ವಾರದಿಂದ ಶನಿವಾರಕ್ಕಾಗಿ ಕಾಯತೊಡಗಿದೆ. ಹಾಗೆ ಕಾಯುತ್ತಿದ್ದ ಒಂದು ಸಂಜೆ, ಸಾವಿರಾರು ಮೈಲಿ ದೂರದ ಆ ಅಡುಗೆಮನೆಯಲ್ಲಿ ಕುಳಿತು, ನಾನು ಒಂದು ಕಾಲದಲ್ಲಿ ಸರ್ಕಾರಿ ಜೀಪಿನಲ್ಲಿ ಸುತ್ತಿದ ಬೀಳಗಿಯ ಬಗ್ಗೆ ಯೋಚಿಸುವಂತಾಯಿತು. ಅದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬ್ಲೂಸ್ ಎಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಲ್ಲಿ, ಗುಲಾಮಗಿರಿಯು ಕಾನೂನಿನಿಂದ ತೊಲಗಿದರೂ ಬದುಕಿನಿಂದ ತೊಲಗದಿದ್ದ ಕಾಲದಲ್ಲಿ, ಕಪ್ಪು ಜನ ಕಟ್ಟಿಕೊಂಡ ಹಾಡು. ಅಗಲಿಕೆ, ಬಡತನ, ಕೈಕೊಟ್ಟ ಪ್ರೀತಿ, ಊರು ಬಿಟ್ಟು ಹೋಗುವ ರೈಲು ಅದರ ವಸ್ತು. 1920ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿಯ ಮುದ್ರಿಕೆ ಅನಿರೀಕ್ಷಿತವಾಗಿ ಭಾರಿ ಪ್ರಮಾಣದಲ್ಲಿ ಮಾರಾಟವಾದ ಮೇಲೆ ಗ್ರಾಮಫೋನ್ ಕಂಪನಿಗಳ ಕಣ್ಣು ಅದರ ಮೇಲೆ ಬಿತ್ತು. ಆ ದಶಕದ ಬ್ಲೂಸ್ ತಾರೆಯರಲ್ಲಿ ಮುಂದಿನ ಸಾಲಿನವರು ಹೆಂಗಸರು. ಅವರ ಹಾಡು ಎಲ್ಲರಿಗೂ ಬೇಕಾಗಿತ್ತು. ಆದರೆ ಅವರೊಡನೆ ಒಂದು ಹೋಟೆಲಿನಲ್ಲಿ ಕುಳಿತು ಉಣ್ಣಲು ಬಿಳಿಯರ ಸಮಾಜ ಸಿದ್ಧವಿರಲಿಲ್ಲ.

ನನ್ನ ಗಮನ ಸೆಳೆದದ್ದು ಸಂಗೀತಕ್ಕಿಂತ ಹೆಚ್ಚಾಗಿ ಆ ಕಾರ್ಯಕ್ರಮದ ಕ್ರಮ. ನಿರೂಪಕರು 1923ರಲ್ಲಿ ಬೆಸ್ಸಿ ಸ್ಮಿತ್ ಹಾಡಿದ, ಕರಕರ ಸದ್ದಿನ ಮುದ್ರಿಕೆಯೊಂದನ್ನು ಕೇಳಿಸುವರು. ಅದರ ಬೆನ್ನಿಗೇ 1979ರಲ್ಲಿ ಹುಟ್ಟಿದ ಶೆಮೆಕಿಯಾ ಕೋಪ್ಲೆಂಡ್ ಅವರ ಹೊಸ ಹಾಡು. ನಂತರ 1940ರ ದಶಕದ ಮಡ್ಡಿ ವಾಟರ್ಸ್, ಅವರ ಹಿಂದೆಯೇ 1999ರಲ್ಲಿ ಹುಟ್ಟಿದ ಕಿಂಗ್‌ಫಿಶ್ ಇಂಗ್ರಮ್. ಪ್ರತಿ ಹಾಡಿಗೂ ಹಾಡಿದವರ ಹೆಸರು, ಹುಟ್ಟಿದ ಊರು, ಮುದ್ರಣದ ವರ್ಷ, ಪಿಯಾನೊ ನುಡಿಸಿದವರು ಯಾರು ಎಂಬ ವಿವರ. ಹಳತಕ್ಕೆ ಗದ್ಗದ ಕಂಠವಿಲ್ಲ, ಹೊಸತಕ್ಕೆ ಅಬ್ಬರವಿಲ್ಲ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಂತೆ. ಮೂರು ತಿಂಗಳು ಕೇಳುವಷ್ಟರಲ್ಲಿ, ಈ ಸಂಗೀತದ ಗಂಧವಿಲ್ಲದ ನನಗೂ ಯಾರು ಯಾರ ವಾರಸುದಾರರು ಎಂಬುದು ಮಸುಕಾಗಿ ತಿಳಿಯತೊಡಗಿತು.

ನಮ್ಮಲ್ಲೂ ವಾರದ ಸಂಗೀತ ಕಾರ್ಯಕ್ರಮಗಳಿಗೆ ಬರವಿರಲಿಲ್ಲ. 1952ರ ಡಿಸೆಂಬರಿನಲ್ಲಿ ರೇಡಿಯೊ ಸಿಲೋನ್ ಆರಂಭಿಸಿದ ಬಿನಾಕಾ ಗೀತಮಾಲಾ ಬುಧವಾರದ ಸಂಜೆಗಳನ್ನು ದಶಕಗಳ ಕಾಲ ಆಳಿತು. ಅದರ ನಿರೂಪಕರಾದ ಅಮೀನ್ ಸಯಾನಿಯವರ ದನಿ ಧಾರವಾಡದ ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಏಕಕಾಲಕ್ಕೆ ಕೇಳುತ್ತಿತ್ತು. ಆದರೆ ಅದು ಹೊಸ ಹಾಡುಗಳ ಪಂದ್ಯ. ಹಳೆಯ ಹಾಡುಗಳಿಗೆ ಅದೇ ನಿಲಯದಲ್ಲಿ ಬೆಳಗಿನ ಹೊತ್ತು ಬೇರೆಯೇ ಸಮಯ ಮೀಸಲಾಗಿತ್ತು. ಕೊನೆಗೆ ಸೈಗಲ್ ಹಾಡಿದರೆ ಎಂಟು ಗಂಟೆಯಾಯಿತೆಂದು ತಿಳಿದು ನಾವು ಶಾಲೆಗೆ ಹೊರಡುತ್ತಿದ್ದೆವು. ಹೊಸತು ಒಂದು ಕೋಣೆಯಲ್ಲಿ, ಹಳತು ಇನ್ನೊಂದು ಕೋಣೆಯಲ್ಲಿ. ನಡುವೆ ಬಾಗಿಲಿರಲಿಲ್ಲ.

ಆ ಬೆಳಗಿನ ಕೋಣೆಯಲ್ಲೇ ನಾನು ಅಮೀರ್‌ಬಾಯಿ ಕರ್ನಾಟಕಿ ಅವರ ದನಿಯನ್ನು ಮೊದಲು ಕೇಳಿದ್ದು. ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲ. ತಂದೆಯವರು ಮಿತವ್ಯಯಿ. ಆದರೂ ಆ ದನಿ ಬಂದಾಗ ಕ್ಷೌರದ ಕತ್ತಿಯನ್ನು ಕೆಳಗಿಟ್ಟು ಕೇಳುತ್ತಿದ್ದರು. ಈಕೆ ನಮ್ಮ ಕಡೆಯವಳು ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದ್ದರು. ಹೆಸರಿನಲ್ಲಿ ಕರ್ನಾಟಕಿ ಎಂದು ಏಕಿದೆ, ಯಾವ ಊರು, ಈಗ ಎಲ್ಲಿದ್ದಾರೆ ಎಂದು ನಾನು ಬೆನ್ನುಹತ್ತಿದಾಗ ಮಾತ್ರ ಮಾತು ಬೇರೆ ಕಡೆಗೆ ತಿರುಗಿತು. ಹಾಡು ಮನೆಯೊಳಗೆ ಬರಬಹುದಿತ್ತು. ಹಾಡಿದವಳ ಬದುಕು ಹೊಸ್ತಿಲಾಚೆಯೇ ನಿಲ್ಲಬೇಕಿತ್ತು. ಅದು ಮರ್ಯಾದಸ್ಥ ಮಧ್ಯಮವರ್ಗದ ಒಪ್ಪಂದ. ಅದನ್ನು ಯಾರೂ ಬರೆದಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ನನಗೆ ಉತ್ತರ ದೊರೆಯುವ ಹೊತ್ತಿಗೆ ಆಕೆ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು.

ಅಮೀರ್‌ಬಾಯಿ ಹುಟ್ಟಿದ್ದು 1906ರ ಸುಮಾರಿಗೆ, ಬೀಳಗಿಯಲ್ಲಿ. ಇಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಬೀಳಗಿ ಅಂದು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದ ಸಣ್ಣ ಊರು. ಸುತ್ತಲಿನ ರಾಜಕೀಯ ಭೂಪಟ ವಿಚಿತ್ರವಾಗಿತ್ತು. ಜಮಖಂಡಿಯಲ್ಲಿ ಪಟವರ್ಧನ ಅರಸರು, ಮುಧೋಳದಲ್ಲಿ ಘೋರ್ಪಡೆಯವರು, ನಡುವೆ ಬ್ರಿಟಿಷರ ಸೀಮೆ. ಆದರೆ ಕಿವಿಗೆ ಆ ಗಡಿಗಳು ತಿಳಿಯುತ್ತಿರಲಿಲ್ಲ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳುತ್ತಿದ್ದವು. ಶ್ರೀಕೃಷ್ಣ ಪಾರಿಜಾತದ ಆಟ ರಾತ್ರಿಯಿಡೀ ನಡೆಯುತ್ತಿತ್ತು. ಮೊಹರಮ್ಮಿನ ಹಾಡು, ಭಜನೆ, ತತ್ವಪದ, ಸುಗ್ಗಿ ಮುಗಿದ ಮೇಲೆ ಊರಿಗೆ ಬರುವ ನಾಟಕ ಕಂಪನಿಯ ರಂಗಗೀತೆ. ಆ ಕಾಲದ ಉತ್ತರ ಕರ್ನಾಟಕದಲ್ಲಿ ಹಾಡಬಲ್ಲ ಹುಡುಗಿಯೊಬ್ಬಳಿಗೆ ತೆರೆದಿದ್ದ ದೊಡ್ಡ ಬಾಗಿಲು ಆ ನಾಟಕದ ಮಂಟಪವೇ. ಅದರೊಳಗೆ ಕಾಲಿಟ್ಟವಳಿಗೆ ಗೃಹಸ್ಥರ ಮನೆಯ ಬಾಗಿಲು ಮುಚ್ಚುತ್ತಿತ್ತು.

ಐವರು ಅಕ್ಕತಂಗಿಯರಲ್ಲಿ ಇಬ್ಬರು ಹೆಸರಾದರು. ಅಕ್ಕ ಗೋಹರ್‌ಬಾಯಿ ಮೊದಲು ಮುಂಬಯಿಗೆ ಹೋಗಿ ನಟಿಯಾದವರು. ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ ಗಾಯನಶೈಲಿಯನ್ನು ಕೇಳಿ ಕೇಳಿಯೇ ಮೈಗೂಡಿಸಿಕೊಂಡ ಅವರು, 1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ನಾಟಕ ಮಂಡಳಿಯನ್ನೇ ಸೇರಿದರು. ಹೆಣ್ಣಿನ ಪಾತ್ರಗಳಿಂದಲೇ ದೇವತುಲ್ಯರಾಗಿದ್ದ ಆ ನಟನ ಎದುರು ನಿಜವಾದ ಹೆಣ್ಣೊಬ್ಬಳು ರಂಗಕ್ಕೆ ಬಂದದ್ದು, ಅದೂ ಮುಸ್ಲಿಂ ಕನ್ನಡತಿಯಾಗಿದ್ದುದು, ಮರಾಠಿ ರಸಿಕ ಸಮಾಜಕ್ಕೆ ಸುಲಭವಾಗಿ ಜೀರ್ಣವಾಗಲಿಲ್ಲ. 1951ರಲ್ಲಿ ಅವರಿಬ್ಬರ ವಿವಾಹವಾಯಿತು. ವೃದ್ಧಾಪ್ಯದಲ್ಲಿ ಕಾಲಿನ ಬಲ ಕಳೆದುಕೊಂಡ ಬಾಲಗಂಧರ್ವರನ್ನು ನೋಡಿಕೊಂಡವರೂ ಗೋಹರ್‌ಬಾಯಿಯೇ. ಬಾಲಗಂಧರ್ವರ ಪತನಕ್ಕೆ ಆಕೆಯೇ ಕಾರಣವೆಂಬ ಅಪವಾದ ಬಹುಕಾಲ ಉಳಿಯಿತು.

ಅಕ್ಕ ತೋರಿದ ದಾರಿಯಲ್ಲಿ ತಂಗಿ ನಡೆದರು. 1934ರ ವಿಷ್ಣುಭಕ್ತಿ ಚಿತ್ರದಲ್ಲಿ ಅಮೀರ್‌ಬಾಯಿಗೆ ಅವಕಾಶ ದೊರೆಯಿತು. ಆದರೆ ಅವರನ್ನು ಗುರುತಿಸಿದ್ದು ಕ್ಯಾಮೆರಾಕ್ಕಿಂತ ಮೊದಲು ಗ್ರಾಮಫೋನ್. ಎಚ್‌ಎಂವಿ ಕಂಪನಿಯ ಪ್ರತಿನಿಧಿಯೊಬ್ಬರು ಆ ಕಂಠಕ್ಕೆ ಮಾರುಹೋಗಿ ಅವರಿಂದ ಕವ್ವಾಲಿಯೊಂದನ್ನು ಹಾಡಿಸಿ ಮುದ್ರಿಸಿಕೊಂಡರು. ಅದು ಜನಪ್ರಿಯವಾಯಿತು. ಆದರೂ ಮುಂದಿನ ಎಂಟೊಂಬತ್ತು ವರ್ಷ ಅವರದು ಸಣ್ಣಪುಟ್ಟ ಪಾತ್ರಗಳ ದುಡಿಮೆಯೇ. 1940ರ ನರಸೀ ಭಗತ್ ಚಿತ್ರದಲ್ಲಿ ಅವರೂ ಇದ್ದರು. ಅವರು ಹಾಡಿದ ವೈಷ್ಣವ ಜನತೋ ಭಜನೆಯನ್ನು ಗಾಂಧೀಜಿ ಬಹುವಾಗಿ ಮೆಚ್ಚಿಕೊಂಡಿದ್ದರೆಂಬ ಮಾತು ಅವರ ಬದುಕಿನ ಬಗ್ಗೆ ಬರೆದವರೆಲ್ಲ ಉಲ್ಲೇಖಿಸುವಂಥದು. ಬೀಳಗಿಯ ಮುಸ್ಲಿಂ ಹೆಣ್ಣುಮಗಳೊಬ್ಬಳು ಗುಜರಾತಿಯ ವೈಷ್ಣವ ಭಜನೆಯನ್ನು ಹಾಡುವುದು ಅಂದು ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಇಂದು ನಮಗೆ ಆಶ್ಚರ್ಯವೆನಿಸಿದರೆ ಅದು ನಮ್ಮ ಕಾಲದ ಕುರಿತು ಹೇಳುವ ಮಾತು.

1943ರ ಜನವರಿಯಲ್ಲಿ ಬಾಂಬೆ ಟಾಕೀಸಿನ ಕಿಸ್ಮತ್ ತೆರೆಕಂಡಿತು. ಜ್ಞಾನ್ ಮುಖರ್ಜಿಯವರ ನಿರ್ದೇಶನ, ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಗಳಿಗೂ ಹೆಚ್ಚು ಕಾಲ ಓಡಿತು. ನಾಯಕಿ ಮುಮ್ತಾಜ್ ಶಾಂತಿಗೆ ದನಿಯಾದವರು ಅಮೀರ್‌ಬಾಯಿ. ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ಇನ್ನೂ ಅರ್ಧ ವರ್ಷವಾಗಿತ್ತು, ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಪರಕೀಯರನ್ನು ದೂರ ಸರಿಯಿರೆಂದು ಗದರುವ ಹಾಡೊಂದು ಚಿತ್ರದಲ್ಲಿತ್ತು. ಅದರಲ್ಲಿ ಜರ್ಮನಿ, ಜಪಾನುಗಳ ಪ್ರಸ್ತಾಪವನ್ನು ಸೇರಿಸಿದ್ದರಿಂದ ಅದು ಯುದ್ಧಪ್ರಚಾರದ ವೇಷದಲ್ಲಿ ಸೆನ್ಸಾರ್ ದಾಟಿತು. ಪ್ರೇಕ್ಷಕರಿಗೆ ಮಾತ್ರ ಗದರಿಕೆ ಯಾರಿಗೆಂಬುದರಲ್ಲಿ ಸಂಶಯವಿರಲಿಲ್ಲ. ಆ ಹಾಡಿನ ಮುಂಚೂಣಿಯ ದನಿ ಬೀಳಗಿಯದು. ಅದೇ ಚಿತ್ರದಲ್ಲಿ, ಮಲಗಿದ ಜೀವಕ್ಕೆ ಎಚ್ಚರವಾಗದಂತೆ ಬರಬೇಕೆಂದು ಮೋಡವನ್ನು ಬೇಡಿಕೊಳ್ಳುವ ಹಾಡೂ ಅವರದೇ. ಗರ್ಜನೆ ಮತ್ತು ಜೋಗುಳ ಎರಡೂ ಒಂದೇ ಕಂಠದಿಂದ ಬಂದವು.

ಮರುವರ್ಷ ನೌಷಾದರ ರತನ್ ಬಂತು. ಅದರಲ್ಲಿ ಅಮೀರ್‌ಬಾಯಿ ಹಾಡಿದ ವಿರಹಗೀತೆಯನ್ನು ನಾನು ಶಿಕಾಗೋದಲ್ಲಿ ಮತ್ತೆ ಮತ್ತೆ ನೆನೆದೆ. ಬೆಸ್ಸಿ ಸ್ಮಿತ್ ದನಿಗೂ ಅದಕ್ಕೂ ಸ್ವರದಲ್ಲಿ, ಭಾಷೆಯಲ್ಲಿ, ತಾಳದಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಎರಡೂ ಮೈಕಿಲ್ಲದ ಗುಡಾರಗಳಲ್ಲಿ, ಹಿಂದಿನ ಸಾಲಿನವನಿಗೂ ಕೇಳಬೇಕೆಂಬ ಹಟದಲ್ಲಿ ಪಳಗಿದ ಕಂಠಗಳ ಪೀಳಿಗೆಯವು. ದುಃಖವನ್ನು ಪಿಸುಗುಟ್ಟುವ ಅಭ್ಯಾಸ ಅವುಗಳಿಗಿಲ್ಲ. ತುಂಬು ಕಂಠದಲ್ಲಿ, ತಲೆಯೆತ್ತಿ, ದುಃಖವನ್ನು ಘೋಷಿಸುವ ದನಿಗಳವು.

ಅರ್ಥಶಾಸ್ತ್ರ ಓದಿದವನಾದ್ದರಿಂದ ಇನ್ನೊಂದು ನಂಟನ್ನೂ ಹೇಳಬೇಕು. ಅಂದಿನ ಗ್ರಾಮಫೋನ್ ತಟ್ಟೆಗಳು ಅರಗಿನಿಂದ ಮಾಡಿದವು. ಜಗತ್ತಿಗೆಲ್ಲ ಅರಗು ಪೂರೈಸುತ್ತಿದ್ದ ಮುಖ್ಯ ದೇಶ ಭಾರತ. ಛೋಟಾ ನಾಗಪುರದ ಕಾಡುಗಳ ಮರಗಳ ಮೇಲೆ ಕೀಟಗಳು ಸ್ರವಿಸಿದ ಅಂಟು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ಧ್ವನಿಮುದ್ರಿಕೆಗಳಿಗೆ ಅರಗು ಬಳಸುವುದನ್ನು ತೀವ್ರವಾಗಿ ಮಿತಿಗೊಳಿಸಬೇಕಾಯಿತು. ಅಂದರೆ ಮಿಸಿಸಿಪ್ಪಿಯ ದುಃಖವೂ ಬೀಳಗಿಯ ದುಃಖವೂ ಅಚ್ಚಾದದ್ದು ಒಂದೇ ಬಗೆಯ ವಸ್ತುವಿನ ಮೇಲೆ. ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಕಾಲ. ಎಂಥ ಬದುಕನ್ನೂ ಅಷ್ಟರಲ್ಲಿ ಹೇಳಿ ಮುಗಿಸಬೇಕಿತ್ತು.

ಆ ಮೂರು ನಿಮಿಷಗಳ ಹೊರಗೆ ಅಮೀರ್‌ಬಾಯಿಯ ಬದುಕು ಸುಗಮವಾಗಿರಲಿಲ್ಲ. ಖಳನ ಪಾತ್ರಗಳಿಗೆ ಹೆಸರಾಗಿದ್ದ ಹಿಮಾಲಯವಾಲಾ ಎಂಬ ನಟನೊಡನೆ ಅವರ ಮೊದಲ ಮದುವೆಯಾಯಿತು. ಅದು ಹಿಂಸೆಯ ದಾಂಪತ್ಯವಾಗಿತ್ತೆಂದು ಅವರ ಬದುಕನ್ನು ಬರೆದವರು ದಾಖಲಿಸಿದ್ದಾರೆ. ದೇಶವಿಭಜನೆಯ ಕಾಲದಲ್ಲಿ ಆತ ಪಾಕಿಸ್ತಾನಕ್ಕೆ ಹೋದರು. ಅಮೀರ್‌ಬಾಯಿ ಇಲ್ಲಿಯೇ ಉಳಿದರು. ಮುಂದೆ ಪಾರಸ್ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ವಿವಾಹವಾದ ಮೇಲೆ ಬದುಕಿಗೆ ಒಂದಿಷ್ಟು ನೆಮ್ಮದಿ ಬಂತು. ತೆರೆಯ ಮೇಲಿನ ನಾಯಕಿಯರ ಅಳುವಿಗೆ ದನಿ ಕೊಟ್ಟ ಹೆಂಗಸು ತನ್ನ ಅಳುವನ್ನು ಯಾವ ಮುದ್ರಿಕೆಗೂ ಕೊಡಲಿಲ್ಲ.

1947 ಅವರ ಪಾಲಿಗೆ ಶಿಖರದ ವರ್ಷ. ಸ್ವಾತಂತ್ರ್ಯ ದಿನದಂದೇ ತೆರೆಕಂಡ ಶಹನಾಯಿ ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತದಲ್ಲಿ ಅವರ ಹಾಡಿತ್ತು. ಅದೇ ವರ್ಷ ಖೇಮಚಂದ್ ಪ್ರಕಾಶರ ಸಂಗೀತವಿದ್ದ ಸಿಂಧೂರ್ ಚಿತ್ರಕ್ಕೂ ಹಾಡಿದರು. ಗುಜರಾತಿಯಲ್ಲಿ 1946ರ ರಾಣಕದೇವಿ ಚಿತ್ರದ ಹಾಡು ಅವರನ್ನು ಆ ಭಾಷೆಯ ಮನೆಮನೆಗೂ ಮುಟ್ಟಿಸಿತ್ತು. 1948ರಲ್ಲಿ ಶಹನಾಜ್ ಚಿತ್ರಕ್ಕೆ ಸ್ವತಃ ಸಂಗೀತ ಸಂಯೋಜಿಸಿದರು. ಅದಕ್ಕೆ ಮೊದಲು ಹಿಂದಿ ಚಿತ್ರರಂಗದಲ್ಲಿ ಆ ಕೆಲಸ ಮಾಡಿದ್ದ ಹೆಂಗಸರೆಂದರೆ ಜದ್ದನ್‌ಬಾಯಿ, ಸರಸ್ವತಿದೇವಿ ಮುಂತಾಗಿ ಬೆರಳೆಣಿಕೆಯವರು. ಉತ್ತರ ಕರ್ನಾಟಕದ ಹಳ್ಳಿಯಂಥ ಊರಿನಿಂದ ಹೋದ ಹೆಣ್ಣುಮಗಳು ವಾದ್ಯವೃಂದದ ಎದುರು ನಿಂತು ಸಂಗೀತ ನಿರ್ದೇಶಿಸಿದ ಈ ಸಂಗತಿ ನಮ್ಮ ಶಾಲಾ ಪಠ್ಯದಲ್ಲಿ ನನಗೆ ಎಂದೂ ಕಂಡಿರಲಿಲ್ಲ.

ಶಿಖರದಿಂದ ಇಳಿಜಾರು ದೂರವಿರಲಿಲ್ಲ. ಸಿಂಧೂರ್‌ಗೆ ಸಂಗೀತ ನೀಡಿದ್ದ ಅದೇ ಖೇಮಚಂದ್ ಪ್ರಕಾಶರು 1949ರ ಮಹಲ್ ಚಿತ್ರದಲ್ಲಿ ಲತಾ ಮಂಗೇಶ್ಕರರಿಂದ ಹಾಡಿಸಿದರು. ಆ ಮುದ್ರಿಕೆಯ ಮೇಲೆ ಗಾಯಕಿಯ ಹೆಸರಿರಲಿಲ್ಲ, ಚಿತ್ರದ ಪಾತ್ರವಾದ ಕಾಮಿನಿಯ ಹೆಸರಿತ್ತು. ಹಾಡಿದವರು ಯಾರೆಂದು ಕೇಳುಗರು ರೇಡಿಯೊ ನಿಲಯವನ್ನು ಪೀಡಿಸಿದ ಮೇಲೆ ಲತಾರ ಹೆಸರು ಹೊರಬಂತು. ಹಿನ್ನೆಲೆ ಗಾಯಕರಿಗೆ ಹೆಸರು ದೊರೆತದ್ದು ಅಂಥ ಒತ್ತಾಯದಿಂದಲೇ. ಹೊಸ ಮೈಕುಗಳು ಬಂದಿದ್ದವು. ಅವುಗಳಿಗೆ ತೆಳುವಾದ, ಎತ್ತರದ, ನಯವಾದ ದನಿ ಒಪ್ಪುತ್ತಿತ್ತು. ಅಮೀರ್‌ಬಾಯಿ, ಜೋಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ ಮೊದಲಾದವರ ದುಂಡು ದನಿಗಳು ಕೆಲವೇ ವರ್ಷಗಳಲ್ಲಿ ಹಳೆಯವಾದವು. ಬೆಸ್ಸಿ ಸ್ಮಿತ್ ಅವರಿಗೂ ಹೀಗೆಯೇ ಆಗಿತ್ತು. ಆರ್ಥಿಕ ಮಹಾಕುಸಿತ ಬಂತು, ಅಭಿರುಚಿ ಬದಲಾಯಿತು, 1931ರಲ್ಲಿ ಕಂಪನಿ ಕೈಬಿಟ್ಟಿತು. 1937ರಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲನ್ನು ಯಾರೂ ನೆಡಲಿಲ್ಲ. 1970ರಲ್ಲಿ ಜಾನಿಸ್ ಜೋಪ್ಲಿನ್ ಎಂಬ ಬಿಳಿಯ ಯುವ ಗಾಯಕಿಯೂ ಮತ್ತೊಬ್ಬ ಅಭಿಮಾನಿಯೂ ಸೇರಿ ಹಣ ಕೊಟ್ಟು ಕಲ್ಲು ನಿಲ್ಲಿಸಿದರು. ಹೊಸ ಪೀಳಿಗೆಯ ಹಾಡುಗಾರ್ತಿ ಹಳೆಯ ಪೀಳಿಗೆಯವಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದಳು ಎಂಬುದನ್ನು ಆ ಶನಿವಾರದ ನಿರೂಪಕರು ತಮ್ಮ ಎಂದಿನ ತಣ್ಣಗಿನ ದನಿಯಲ್ಲಿ ತಿಳಿಸಿದ ಸಂಜೆಯೇ ನನಗೆ ಬೀಳಗಿ ನೆನಪಾದದ್ದು.

ಸಿನಿಮಾದಲ್ಲಿ ಹಾಡುಗಳು ಕಡಿಮೆಯಾದ ಮೇಲೆ ಅಮೀರ್‌ಬಾಯಿ ಪೋಷಕ ಪಾತ್ರಗಳಿಗೆ ಮರಳಿದರು. ಗಳಿಸಿದ್ದರಲ್ಲಿ ಬಿಜಾಪುರದಲ್ಲಿ ತಮ್ಮ ಹೆಸರಿನ ಅಮೀರ್ ಟಾಕೀಸ್ ಮಾಡಿದರು. ಮುಂಬಯಿಯಲ್ಲಿ ಗಳಿಸಿ ಅಲ್ಲಿಯೇ ಕರಗಿದ ಅನೇಕರ ನಡುವೆ, ತವರಿನ ಸೀಮೆಗೆ ಒಂದು ಚಿತ್ರಮಂದಿರವನ್ನು ತಂದುಕೊಟ್ಟ ವಿವೇಕ ಅವರದು. 1964ರಲ್ಲಿ ಅಕ್ಕ ಗೋಹರ್‌ಬಾಯಿ ತೀರಿಕೊಂಡರು. ಮರುವರ್ಷ ಅಮೀರ್‌ಬಾಯಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕು ದಿನಗಳ ನಂತರ, 1965ರ ಮಾರ್ಚ್ 3ರಂದು, ಕೊನೆಯುಸಿರೆಳೆದರು. ಅವರನ್ನು ಮಣ್ಣುಮಾಡಿದ್ದು ಬಿಜಾಪುರದಲ್ಲಿ.

ಈಗ ನನ್ನ ಪಾಲಿನ ತಪ್ಪೊಪ್ಪಿಗೆ. 1990ರ ದಶಕದಲ್ಲಿ ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳ ಸುತ್ತಾಟ ನನ್ನ ಕೆಲಸದ ಭಾಗವಾಗಿತ್ತು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದ ಲಯದ ಮೇಲೆ ತೇಲುತ್ತಿದ್ದ ರೇಡಿಯೊ ಹಾಡುಗಳನ್ನು ಕೇಳುತ್ತ ಸಾಲದ ಅರ್ಜಿಗಳನ್ನು ಪರಿಶೀಲಿಸಿದ್ದೇನೆ. ದಶಕದ ಕೊನೆಗೆ ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಡಬೇಕಾದವರ ಆಸ್ತಿ ಲೆಕ್ಕಹಾಕುವ ಹೊಣೆ ಬಂತು. ಗೋಡೆ ಎಷ್ಟು ಅಡಿ, ತೊಲೆ ಯಾವ ಮರದ್ದು, ಬಾವಿ ಎಷ್ಟು ಆಳ, ಬೇವಿನ ಮರ ಎಷ್ಟು ವಯಸ್ಸಿನದು ಎಂಬುದಕ್ಕೆಲ್ಲ ನಮ್ಮ ನಮೂನೆಗಳಲ್ಲಿ ಕಾಲಂಗಳಿದ್ದವು. ಬೀಳಗಿ ತಾಲ್ಲೂಕಿನ ನದಿಬದಿಯ ಹಳ್ಳಿಯೊಂದರಲ್ಲಿ ಮುದುಕರೊಬ್ಬರು ಒಳಮನೆಯಿಂದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ತಂದು ನನ್ನೆದುರು ಇಟ್ಟರು. ಅದರ ತುಂಬ ಅರಗಿನ ತಟ್ಟೆಗಳು. ಹೆಚ್ಚಿನವು ರಂಗಗೀತೆಗಳು, ನಡುನಡುವೆ ಅಮೀರ್‌ಬಾಯಿಯವರ ಹಾಡುಗಳು. ಆಕೆ ತಮ್ಮ ತಾಲ್ಲೂಕಿನವರೆಂದು ಮುದುಕರು ಒತ್ತಿ ಹೇಳಿದರು. ಇವಕ್ಕೆ ಸರ್ಕಾರ ಏನಾದರೂ ಬೆಲೆ ಕಟ್ಟುತ್ತದೆಯೇ ಎಂಬುದು ಅವರ ಪ್ರಶ್ನೆ.

ನಾನು ನಿಯಮದ ಉತ್ತರ ಕೊಟ್ಟೆ. ಇವು ಚರಾಸ್ತಿ, ಎತ್ತಿಕೊಂಡು ಹೋಗಬಹುದಾದ ವಸ್ತು, ಆದ್ದರಿಂದ ಪರಿಹಾರದ ವ್ಯಾಪ್ತಿಗೆ ಬರುವುದಿಲ್ಲ ಎಂದೆ. ಮಾತು ಸರಿಯಾಗಿಯೇ ಇತ್ತು. ಅವರು ಬೆಲೆ ಕೇಳುತ್ತಿದ್ದುದು ಹಣದ ಆಸೆಯಿಂದಲ್ಲ, ಇದು ಕಾಪಾಡತಕ್ಕ ವಸ್ತುವೆಂದು ಅಧಿಕಾರದ ಬಾಯಿಂದ ಒಮ್ಮೆ ಕೇಳುವ ಆಸೆಯಿಂದ ಎಂಬುದು ನನಗೆ ಆಗ ಹೊಳೆಯಲಿಲ್ಲ. ವಿಶ್ವವಿದ್ಯಾಲಯವೊಂದಕ್ಕೆ ಪತ್ರ ಬರೆಯಬಹುದಿತ್ತು, ಆಕಾಶವಾಣಿಗೆ ತಿಳಿಸಬಹುದಿತ್ತು, ಕನಿಷ್ಠ ಪಟ್ಟಿಯನ್ನಾದರೂ ಬರೆದುಕೊಳ್ಳಬಹುದಿತ್ತು. ಅಂದು ಇನ್ನೂ 14 ಮನೆಗಳ ಅಳತೆ ಬಾಕಿಯಿತ್ತು. ಕೆಲವು ತಿಂಗಳ ನಂತರ ಪುನರ್ವಸತಿ ಬಡಾವಣೆಯಲ್ಲಿ ಅವರನ್ನು ಕಂಡೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಸಾಮಾನುಗಳ ಕೆಳಗೆ ಸಿಕ್ಕು ತಟ್ಟೆಗಳಲ್ಲಿ ಬಹುಪಾಲು ಒಡೆದಿದ್ದವು. ಅರಗು ಗಾಜಿನಷ್ಟೇ ಸೂಕ್ಷ್ಮ. ಅವರು ದೂರಲಿಲ್ಲ. ಚೂರೊಂದನ್ನು ತೋರಿಸಿ ಸುಮ್ಮನಾದರು. ಅದರ ಮೇಲಿನ ಲೇಬಲ್ಲಿನಲ್ಲಿ ಕರ್ನಾಟಕಿ ಎಂಬಷ್ಟು ಮಾತ್ರ ಉಳಿದಿತ್ತು.

ಆ ಪದವನ್ನು ಕುರಿತು ನಾನು ಈಗಲೂ ಯೋಚಿಸುತ್ತೇನೆ. ಅಕ್ಕತಂಗಿಯರು ಮುಂಬಯಿಯ ತೆರೆಯ ಮೇಲೆ ಕರ್ನಾಟಕಿ ಎಂದು ಕರೆಸಿಕೊಂಡಾಗ ಭೂಪಟದಲ್ಲಿ ಆ ಹೆಸರಿನ ರಾಜ್ಯವಿರಲಿಲ್ಲ. ಕನ್ನಡಿಗರು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. 1956ರಲ್ಲಿ ಏಕೀಕರಣವಾದರೂ ರಾಜ್ಯದ ಹೆಸರು ಮೈಸೂರೆಂದೇ ಇತ್ತು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು, ಅಮೀರ್‌ಬಾಯಿ ತೀರಿಕೊಂಡ ಎಂಟು ವರ್ಷಗಳ ನಂತರ. ನಾವು ನಾಡಿಗೆ ಆ ಹೆಸರಿಡುವ ನಾಲ್ಕು ದಶಕಗಳಷ್ಟು ಮೊದಲೇ ಬೀಳಗಿಯ ಇಬ್ಬರು ಹೆಣ್ಣುಮಕ್ಕಳು ಅದನ್ನು ಮೈಮೇಲೆ ಹೊತ್ತು, ಮುದ್ರಿಕೆಗಳ ಮೇಲೆ ಅಚ್ಚುಹಾಕಿಸಿ, ಲಾಹೋರಿನಿಂದ ಕೊಲಂಬೊವರೆಗೆ ಉಚ್ಚರಿಸುವಂತೆ ಮಾಡಿದ್ದರು. ರಾಜ್ಯೋತ್ಸವದ ಭಾಷಣಗಳಲ್ಲಿ ನಾವು ನೆನೆಯುವ ಏಕೀಕರಣದ ಪಟ್ಟಿಯಲ್ಲಿ ಇಂಥವರಿಗೂ ಒಂದು ಸಾಲು ಸಲ್ಲಬೇಕು.

ಅವರನ್ನು ಪೂರ್ತಿ ಮರೆತಿದ್ದೇವೆಂದರೆ ತಪ್ಪಾದೀತು. ವಿದ್ವಾಂಸರಾದ ರಹಮತ್ ತರೀಕೆರೆಯವರು ಊರೂರು ಅಲೆದು ಅಮೀರ್‌ಬಾಯಿಯವರ ಜೀವನ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟಿದ್ದಾರೆ. ಹಾಡುಗಳು ಇಂದು ಮೊಬೈಲಿನಲ್ಲೂ ದೊರೆಯುತ್ತವೆ. ಆದರೆ ದೊರೆಯುವುದು ಬೇರೆ, ಪರಂಪರೆಯಾಗಿ ಉಳಿಯುವುದು ಬೇರೆ. ಹುಡುಕಿದವನಿಗೆ ಮಾತ್ರ ಸಿಗುವುದು ಉಗ್ರಾಣದ ವಸ್ತು. ಹುಡುಕದವನ ಕಿವಿಗೂ ತಾನಾಗಿ ಬೀಳುವುದು ಪರಂಪರೆ. ಹಾಗೆ ಬೀಳಿಸುವ ಕೆಲಸವನ್ನು ಬಾನುಲಿ ಮಾಡಬಲ್ಲದು. 1940ರ ದಶಕದ ಕೊನೆಯಲ್ಲಿ, ಖಾಸಗಿ ಬದುಕು ಅಪವಾದಕ್ಕೆ ಗುರಿಯಾದ ಗಾಯಕಿಯರನ್ನು ದೂರವಿಡುವ ನೀತಿಯನ್ನು ನಮ್ಮ ಬಾನುಲಿಯೇ ಅನುಸರಿಸಿತ್ತು. ಹಾಡುವ ಹೆಂಗಸರ ಒಂದು ಇಡೀ ಪೀಳಿಗೆ ಅದರಿಂದ ನೊಂದಿತು. ಆ ಋಣವನ್ನು ತೀರಿಸಲು ದೊಡ್ಡ ಸ್ಮಾರಕವೇನೂ ಬೇಕಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಗಾಗಲಿ, ವಿಜಯಪುರದ ನಿಲಯಕ್ಕಾಗಲಿ, ಸಮುದಾಯ ಬಾನುಲಿಗಳಿಗಾಗಲಿ ಇದು ಕಷ್ಟದ ಕೆಲಸವಲ್ಲ. ವಾರಕ್ಕೆ ಒಂದು ಗಂಟೆ. ಮೊದಲು ಅಮೀರ್‌ಬಾಯಿ, ಅವರ ಬೆನ್ನಿಗೇ ಮುಧೋಳದ ಕಡೆಯ ಪಾರಿಜಾತದ ಇಂದಿನ ಕಲಾವಿದೆ. ಹಳೆಯ ರಂಗಗೀತೆಯೊಂದರ ನಂತರ ಬನಹಟ್ಟಿಯ ಕಾಲೇಜು ಹುಡುಗಿಯ ಹೊಸ ಹಾಡು. ಹಳೆಯದೆಂಬ ಮರುಕವಿಲ್ಲದೆ, ಹೊಸದೆಂಬ ತಾತ್ಸಾರವಿಲ್ಲದೆ. ಪ್ರತಿ ಹಾಡಿಗೂ ಹಾಡಿದವರ ಹೆಸರು, ಹುಟ್ಟಿದ ಊರು, ವರ್ಷ, ತಬಲಾ ನುಡಿಸಿದವರ ಹೆಸರು ಹೇಳಬೇಕು. ಇದರ ಖರ್ಚು ಒಂದು ಸರ್ಕಾರಿ ಸಮಾರಂಭದ ಹಾರತುರಾಯಿಗಿಂತ ಹೆಚ್ಚಾಗಲಾರದು ಎಂದು ಆಯವ್ಯಯದ ಕಡತಗಳಲ್ಲೇ ಕಣ್ಣು ಸವೆಸಿದ ನಾನು ಧೈರ್ಯವಾಗಿ ಹೇಳಬಲ್ಲೆ.

ಬೀಳಗಿಯ ಹುಡುಗಿಯೊಬ್ಬಳು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಲು ಮುಂದಾಗಿ, ಮನೆಯವರು ಏನೆಂದಾರೋ ಎಂದು ಹಿಂಜರಿಯುತ್ತಿರಬಹುದು. ಅದೇ ಮಣ್ಣಿನಿಂದ ಒಂದು ದನಿ ಹೊರಟು ದೇಶವನ್ನೆಲ್ಲ ತಲುಪಿತ್ತೆಂಬುದು ಅವಳ ಕಿವಿಗೆ ತಾನಾಗಿ ಬೀಳಬೇಕು. ಆ ಮುದುಕರ ಪೆಟ್ಟಿಗೆಗೆ ನಾನು ಬರೆಯದೆ ಬಿಟ್ಟ ಬೆಲೆ ಅದೇ ಆಗಿತ್ತೆಂದು ಈಗ ತೋರುತ್ತದೆ.